ಸೆನ್ಸರ್ ಹೋಗಿಲ್ಲ, ವೈರ್ ಹೋಗಿದೆ: ಹಳೇ ಕಾರು, ಇಲಿ ಮತ್ತು ಇಪ್ಪತ್ತು ಸಾವಿರದ ಎಸ್ಟಿಮೇಟ್



ಕಳೆದ ಸಂಚಿಕೆಯಲ್ಲಿ ಹದಿನೈದು ವರ್ಷ ದಾಟಿದ ಕಾರನ್ನ ಇಟ್ಟುಕೊಳ್ಳೋದಾ, ಮಾರೋದಾ ಅಂತ ಲೆಕ್ಕ ಹಾಕಿದ್ವಿ. ಅದಾದ ಮೇಲೆ ಬಂದ ಮೆಸೇಜ್‌ಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು. "ಇಂಜಿನ್ ಲೈಟ್ ಉರೀತಾನೇ ಇರುತ್ತೆ, ಗ್ಯಾರೇಜಲ್ಲಿ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತಾರೆ, ಹಾಕಿಸಲಾ ಬೇಡ್ವಾ?" ಇವತ್ತು ಅದೊಂದೇ ವಿಷಯ. ನಾನು ಬಿ.ಕಾಂ ಓದಿದವನು, ಮೆಕ್ಯಾನಿಕ್ ಅಲ್ಲ. ಇಲ್ಲಿ ಹೇಳೋದೆಲ್ಲ ಕೆಲಸ ಗೊತ್ತಿರೋರ ಪಕ್ಕದಲ್ಲಿ ಕೂತು ನೋಡಿದ್ದು, ಮೀಟರ್ ಹಿಡಿದು ಅಳೆದಿದ್ದು, ಆಮೇಲೆ ಓದಿ ಖಚಿತ ಮಾಡಿಕೊಂಡಿದ್ದು.

ನೋಡಿದ್ದು ನಮ್ಮ ದೊಡ್ಡಪ್ಪನ ಕಾರಲ್ಲಿ. 2009ರ ಪೆಟ್ರೋಲ್ ಗಾಡಿ, ಚಿಕ್ಕದು. ಹೆಮ್ಮಿಗೆಯಲ್ಲಿ ನಮ್ಮ ಬೀದಿಗೆ ಅದು ಕಾರು ಮಾತ್ರ ಅಲ್ಲ. ದೊಡ್ಡಮ್ಮನ ಕಣ್ಣಿನ ಚಿಕಿತ್ಸೆಗೆ ತಿಂಗಳಿಗೊಂದು ಸಲ ಮೈಸೂರಿಗೆ ಹೋಗೋದು ಅದರಲ್ಲೇ. ರಾತ್ರಿ ಹೊತ್ತು ಯಾರ ಮನೆಯಲ್ಲಾದ್ರೂ ಎದೆನೋವು, ಹೆರಿಗೆನೋವು ಅಂದ್ರೆ ಮೊದಲು ಬಾಗಿಲು ಬಡಿಯೋದೂ ದೊಡ್ಡಪ್ಪಂದೇ. ಹದಿನೈದು ವರ್ಷ ಆದಾಗ 2024ರಲ್ಲಿ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸಿದ್ರು. ಅದರ ಶುಲ್ಕ ನಿಮಗೆ ಗೊತ್ತಲ್ಲ: ಮೊದಲು 600 ರೂಪಾಯಿ ಇದ್ದಿದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 2025ರಲ್ಲಿ ಅದನ್ನೂ 10,000ಕ್ಕೆ ಏರಿಸಿದ್ದಾರೆ. ಅಷ್ಟು ಕಟ್ಟಿ, ಇನ್ನೈದು ವರ್ಷ ಚಿಂತೆ ಇಲ್ಲ ಅಂತ ಕೂತಿದ್ರು.

ಆಮೇಲೆ ಎಮಿಷನ್ ಟೆಸ್ಟ್‌ಗೆ ಹೋದ್ರು. ಫೇಲ್. ಬಿಎಸ್-2, ಬಿಎಸ್-3 ಕಾಲದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.5 ಮೀರಬಾರದು. ಇವರದ್ದು ಅದರ ಎರಡರಷ್ಟು ದಾಟಿತ್ತು. ಡ್ಯಾಶ್‌ಬೋರ್ಡಲ್ಲಿ ಹಳದಿ ಲೈಟ್ ಎರಡು ತಿಂಗಳಿಂದ ಉರೀತಿತ್ತಂತೆ. "ಅದು ಇರುತ್ತೆ ಬಿಡೋ" ಅಂದ್ರು ದೊಡ್ಡಪ್ಪ. ಒಂದು ಗ್ಯಾರೇಜಲ್ಲಿ ಸ್ಕ್ಯಾನರ್ ಹಾಕಿದ್ರು, ಕೋಡ್ ಬಂತು ಪಿ-0135. ಸೆನ್ಸರ್ ಹೋಗಿದೆ, ಇಷ್ಟು ದಿನ ಹಂಗೇ ಓಡಿಸಿರೋದ್ರಿಂದ ಕ್ಯಾಟಲಿಟಿಕ್ ಕನ್ವರ್ಟರೂ ಹೋಗಿರುತ್ತೆ, ಎರಡೂ ಸೇರಿ ಇಪ್ಪತ್ತು ಸಾವಿರದ ಮೇಲಾಗುತ್ತೆ ಅಂತ ಎಸ್ಟಿಮೇಟ್ ಕೊಟ್ರು. ಅದರ ಜೊತೆಗೆ ಪುಕ್ಕಟೆ ಸಲಹೆ: "ಇಷ್ಟು ಹಳೇ ಗಾಡಿಗೆ ಯಾಕ್ ಸಾರ್ ಹಾಕ್ತೀರಿ, ಗುಜರಿಗೆ ಕೊಟ್ಟುಬಿಡಿ."

ಇಲ್ಲಿ ನಿಲ್ಲಿಸೋಣ. ಆ ಕೋಡ್ ಏನು ಹೇಳುತ್ತೆ ಅನ್ನೋದನ್ನ ಸರಿಯಾಗಿ ಓದಬೇಕು. ಪಿ-0135 ಅಂದ್ರೆ ಮೊದಲನೇ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟಲ್ಲಿ ತೊಂದರೆ ಅಂತ. ಸರ್ಕ್ಯೂಟ್ ಅಂದಿದೆ, ಸೆನ್ಸರ್ ಅಂದಿಲ್ಲ. ಸರ್ಕ್ಯೂಟ್ ಅಂದ್ರೆ ಫ್ಯೂಸ್, ಕಾರಿನ ಕಡೆಯ ವೈರ್, ಕಪ್ಲರ್, ಸೆನ್ಸರ್ ಕಡೆಯ ವೈರ್, ಸೆನ್ಸರ್ ಒಳಗಿನ ಹೀಟರ್, ಕೊನೆಗೆ ಇಸಿಎಂ. ಇಷ್ಟರಲ್ಲಿ ಯಾವುದು ಬೇಕಾದ್ರೂ ಆಗಿರಬಹುದು. ಬ್ಯಾಂಕ್ ಪಾಸ್‌ಬುಕ್‌ಗೂ ನಮ್ಮ ಲೆಕ್ಕದ ಪುಸ್ತಕಕ್ಕೂ ಟ್ಯಾಲಿ ಆಗಲಿಲ್ಲ ಅಂತ ಯಾರೂ ನೇರ ಬ್ಯಾಂಕನ್ನೇ ಬದಲಾಯಿಸಲ್ಲ ತಾನೆ? ಒಂದೊಂದೇ ಎಂಟ್ರಿ ನೋಡ್ತೀವಿ. ಗ್ಯಾರೇಜ್‌ನವರು ಸುಳ್ಳು ಹೇಳಿದ್ರು ಅಂತ ನಾನು ಹೇಳ್ತಿಲ್ಲ. ಪಾರ್ಟ್ ಬದಲಿಸೋದು ಅವರಿಗೆ ಅರ್ಧ ಗಂಟೆ ಕೆಲಸ, ವೈರ್ ಹುಡುಕೋದು ಅರ್ಧ ದಿನ. ಆ ಅರ್ಧ ದಿನದ ಕೂಲಿ ಕೊಡೋಕೆ ನಾವೂ ಒಪ್ಪಲ್ಲ, "ಬರೀ ವೈರ್ ಜಾಯಿಂಟ್ ಮಾಡಿದ್ದಕ್ಕೆ ಇಷ್ಟಾ?" ಅಂತ ಜಗಳ ಆಡ್ತೀವಿ. ಹಂಗಾಗಿ ಪಾರ್ಟ್ ಬದಲಿಸೋ ಪದ್ಧತಿ ಬೆಳೆದಿದೆ. ಊಹೆ ತಪ್ಪಾದ್ರೆ ನಷ್ಟ ಮಾತ್ರ ಗಿರಾಕಿಯದ್ದು.

ಈ ಸೆನ್ಸರ್ ಏನು ಮಾಡುತ್ತೆ? ಸಾರಿಗೆ ಉಪ್ಪು ಸರಿಯಾಗಿದೆಯಾ ಅಂತ ನೋಡೋ ನಾಲಿಗೆ ಅದು. ಇಂಜಿನ್‌ನಿಂದ ಹೊರಗೆ ಬರೋ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನೋಡಿ, ಇಸಿಎಂಗೆ ವೋಲ್ಟೇಜ್ ರೂಪದಲ್ಲಿ ಹೇಳುತ್ತೆ. ಪೆಟ್ರೋಲ್ ಜಾಸ್ತಿ ಆದ್ರೆ 0.9 ವೋಲ್ಟ್ ಹತ್ತಿರ, ಗಾಳಿ ಜಾಸ್ತಿ ಆದ್ರೆ 0.1 ಹತ್ತಿರ. ಇಸಿಎಂ ಅದನ್ನ ನೋಡಿ ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತೆ. ಶುದ್ಧ ಪೆಟ್ರೋಲಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ. ಆ ಅಳತೆಯ ಆಸುಪಾಸಲ್ಲಿ ಇದ್ರೆ ಮಾತ್ರ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡೋದು. ಇದನ್ನ ಜರ್ಮನಿಯ ಬಾಷ್ ಕಂಪನಿ ತಯಾರಿಸಿ, 1976ರಲ್ಲಿ ಮೊದಲ ಸಲ ವೋಲ್ವೋ ಕಾರುಗಳಿಗೆ ಹಾಕಿದ್ದು. ನಮ್ಮ ಬೆಂಗಳೂರಿನ ಆಡುಗೋಡಿಯ ಮೈಕೋ ಇತ್ತಲ್ಲ, ಅದೇ ಬಾಷ್.

ಈಗ ಹೀಟರ್ ಯಾಕೆ? ಈ ನಾಲಿಗೆ ತಣ್ಣಗಿದ್ರೆ ರುಚಿ ಗೊತ್ತಾಗಲ್ಲ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೇ ಅದು ಸರಿಯಾಗಿ ಕೆಲಸ ಮಾಡೋದು. ಹೈವೇಯಲ್ಲಿ ಓಡ್ತಿದ್ರೆ ಹೊಗೆಯ ಬಿಸಿಯೇ ಸಾಕು. ಐಡಲ್‌ನಲ್ಲಿ ನಿಂತಾಗ ಅಷ್ಟು ಬಿಸಿ ಸಿಗಲ್ಲ, ಅದಕ್ಕೇ ಒಳಗೊಂದು ಪುಟ್ಟ ಹೀಟರ್ ಇಟ್ಟಿರೋದು.

ದೊಡ್ಡಪ್ಪನ ಒಗಟು ಬಿಡಿಸಿಕೊಂಡಿದ್ದು ಇಲ್ಲೇ. "ನರಸೀಪುರದಿಂದ ಮೈಸೂರಿಗೆ ಹೋದ್ರೆ ಚೆನ್ನಾಗಿ ಹೋಗುತ್ತೆ ಕಣೋ, ಪಿಕಪ್ಪೂ ಇದೆ. ಊರೊಳಗೆ ಓಡಿಸಿದ್ರೆ ಪೆಟ್ರೋಲ್ ಕುಡಿಯುತ್ತೆ, ಹೊಗೆ ವಾಸನೆ" ಅಂತಿದ್ರು. ಎಮಿಷನ್ ಟೆಸ್ಟ್ ದಿನ ಏನಾಗುತ್ತೆ? ಕ್ಯೂನಲ್ಲಿ ಇಪ್ಪತ್ತು ನಿಮಿಷ ಐಡಲ್‌ನಲ್ಲೇ ನಿಂತಿರ್ತೀರಿ. ಹೀಟರ್ ಇಲ್ಲದ ಸೆನ್ಸರ್ ತಣ್ಣಗಾಗುತ್ತೆ, ಇಸಿಎಂಗೆ ಸುದ್ದಿ ನಿಲ್ಲುತ್ತೆ, ಅದು ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತೆ. ಸರಿಯಾಗಿ ಅದೇ ಹೊತ್ತಿಗೆ ಸೈಲೆನ್ಸರ್ ಒಳಗೆ ಪೈಪ್ ತೂರಿಸ್ತಾರೆ. ಫೇಲ್ ಆಗದೆ ಇನ್ನೇನು!

ಇನ್ನೊಂದು ಇದೆ, ಇದು ಈಗಿನ ಕಾಲದ್ದು. 2025ರಿಂದ ದೇಶದಲ್ಲಿ ಎಲ್ಲ ಕಡೆ ಸಿಗೋದು ಇ20, ಅಂದ್ರೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲ್. ನಮ್ಮ ಗದ್ದೆಯ ಕಬ್ಬೇ ಒಂದು ರೀತಿಯಲ್ಲಿ ನಮ್ಮ ಟ್ಯಾಂಕಿಗೆ ಬರ್ತಿದೆ. ಎಥನಾಲ್‌ನಲ್ಲೇ ಆಮ್ಲಜನಕ ಇರೋದ್ರಿಂದ ಗಾಳಿಯ ಲೆಕ್ಕ ಬದಲಾಗುತ್ತೆ, 14.7 ಹೋಗಿ ಸುಮಾರು 13.5 ಆಗುತ್ತೆ. ಅಷ್ಟೇ ಗಾಳಿಗೆ ಸ್ವಲ್ಪ ಜಾಸ್ತಿ ಇಂಧನ ಬೇಕು. 2009ರ ಕಾರಿಗೆ ಇದು ಹೇಗೆ ಗೊತ್ತಾಗಬೇಕು? ಟ್ಯಾಂಕಿಗೆ ಏನು ಹಾಕಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ, ಹೊಗೆ ನೋಡಿ ತಿಳ್ಕೊಳ್ಳೋದು ಈ ಸೆನ್ಸರ್ ಒಂದೇ. ಇ20ಯಿಂದ ಹಳೇ ಕಾರಿನ ಮೈಲೇಜ್ ಶೇಕಡಾ 6-7 ಬೀಳಬಹುದು ಅಂತ 2021ರ ನೀತಿ ಆಯೋಗದ ವರದಿಯಲ್ಲೇ ಇದೆ. ಅದು ಎಲ್ಲ ಸರಿ ಇದ್ದಾಗ. ಹಳೇ ಕಾರಲ್ಲಿ ಈ ವೈರ್ ಮೊದಲಿಗಿಂತ ಈಗ ಹೆಚ್ಚು ಮುಖ್ಯ ಅಂತ ನಾನು ಹೇಳೋದು ಅದಕ್ಕೇ.

ಸರಿ, ರಿಪೇರಿಗೆ ಬರೋಣ. ನಂಜನಗೂಡಲ್ಲಿ ಒಬ್ಬ ಅಣ್ಣ ಇದ್ದಾರೆ, ಬರೀ ಗಾಡಿ ವೈರಿಂಗ್ ಕೆಲಸ ಮಾಡೋರು. ಹೆಸರು ಹೇಳಬೇಡ ಮಾರಾಯ, ಈಗ್ಲೇ ಕೆಲಸ ಮುಗೀತಿಲ್ಲ ಅಂದಿದ್ದಾರೆ. 2018, 2019ರಲ್ಲಿ ಕಪಿಲೆ ಉಕ್ಕಿ ನೀರು ನುಗ್ಗಿತ್ತಲ್ಲ, ಆಗ ಮುಳುಗಿದ್ದ ಗಾಡಿಗಳ ಕಪ್ಲರ್ ತೊಳೆದೂ ತೊಳೆದೂ ವೈರಿಂಗ್ ಪೂರ್ತಿ ಕಲಿತೆ ಅಂತಾರೆ. ದೊಡ್ಡಪ್ಪನ ಕಾರು ನೋಡಿದ ತಕ್ಷಣ ಅವರು ಕೇಳಿದ್ದು ಇಂಜಿನ್ ಬಗ್ಗೆ ಅಲ್ಲ. "ಗಾಡಿ ಎಲ್ಲಿ ನಿಲ್ಲಿಸ್ತೀರಿ?"

ಕೊಟ್ಟಿಗೆ ಪಕ್ಕ. ಒಂದು ಕಡೆ ಹುಲ್ಲಿನ ಮೆದೆ, ಇನ್ನೊಂದು ಕಡೆ ಬೂಸಾ ಮೂಟೆ.

"ಹಂಗಾದ್ರೆ ಇಲೀನೇ" ಅಂದ್ರು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಭತ್ತ ಕುಯ್ದು, ಕಬ್ಬು ಕಟಾವಾದ ಮೇಲೆ ಗದ್ದೆಯ ಇಲಿಗಳಿಗೆ ಮನೆ ಇಲ್ಲ. ಊರೊಳಗೆ ಬರ್ತಾವೆ. ರಾತ್ರಿ ಬಿಸಿ ಇಂಜಿನ್ ಸಿಕ್ಕರೆ ಅದಕ್ಕಿಂತ ಒಳ್ಳೇ ಜಾಗ ಇನ್ಯಾವುದು? ಇಲಿಯ ಮುಂದಿನ ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಕಡಿದು ಸವೆಸದೇ ಇದ್ರೆ ಅದಕ್ಕೆ ಉಳಿವಿಲ್ಲ. ವೈರ್ ತಿನ್ನೋಕಲ್ಲ ಕಡಿಯೋದು.

ಅಣ್ಣ ಮೊದಲು ಇಂಜಿನ್ ಪೂರ್ತಿ ತಣ್ಣಗಾಗೋಕೆ ಬಿಟ್ರು. ಈ ಸೆನ್ಸರ್ ಕೂತಿರೋದು ಎಗ್ಸಾಸ್ಟ್ ಪೈಪಲ್ಲಿ, ಬಿಸಿ ಇದ್ದಾಗ ಮುಟ್ಟಿದ್ರೆ ಕೈ ಚರ್ಮ ಅಲ್ಲೇ ಉಳಿಯುತ್ತೆ. ಕೆಲವು ಕಾರಲ್ಲಿ ಕೆಳಗಿಂದ ಕೈ ಹಾಕಬೇಕಾಗುತ್ತೆ. ಹಂಗಿದ್ರೆ ಬರೀ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಲೇಬೇಕು. ಇದನ್ನ ನಾನು ಎರಡು ಸಲ ಹೇಳ್ತೀನಿ: ಬರೀ ಜಾಕ್ ಮೇಲೆ ಬೇಡ.

ಆಮೇಲೆ ಸೆನ್ಸರಿಂದ ಶುರು ಮಾಡಿ ವೈರ್ ಹಿಡ್ಕೊಂಡು ಕಪ್ಲರ್‌ವರೆಗೆ, ಅಲ್ಲಿಂದ ಮುಂದಕ್ಕೆ ಬೆರಳಾಡಿಸ್ತಾ ಹೋದ್ರು. ನಾಲ್ಕು ವೈರ್ ಇರುತ್ತೆ. ಎರಡು ಹೀಟರಿಗೆ, ಒಂದು ಸಿಗ್ನಲ್, ಒಂದು ಅದರ ಗ್ರೌಂಡ್. ಸೆನ್ಸರ್ ಕಡೆ ಒಂದೇ ಬಣ್ಣದ ಎರಡು ವೈರ್ ಕಂಡ್ರೆ ಅದು ಹೀಟರ್. ಡೆನ್ಸೋ ಸೆನ್ಸರಲ್ಲಿ ಸಾಮಾನ್ಯವಾಗಿ ಎರಡು ಕಪ್ಪು ಹೀಟರ್, ನೀಲಿ ಸಿಗ್ನಲ್, ಬಿಳಿ ಗ್ರೌಂಡ್. ಬಾಷ್‌ನಲ್ಲಿ ಎರಡು ಬಿಳಿ ಹೀಟರ್, ಕಪ್ಪು ಸಿಗ್ನಲ್, ಬೂದು ಗ್ರೌಂಡ್. ನೋಡಿ ಎಂಥ ಗೊಂದಲ: ಒಂದರಲ್ಲಿ ಕಪ್ಪು ಅಂದ್ರೆ ಹೀಟರ್, ಇನ್ನೊಂದರಲ್ಲಿ ಕಪ್ಪು ಅಂದ್ರೆ ಸಿಗ್ನಲ್. ಬೇರೆ ಕಂಪನಿಯ ಸೆನ್ಸರ್ ತಂದು "ಬಣ್ಣಕ್ಕೆ ಬಣ್ಣ ಸೇರಿಸಿದೆ ಸಾರ್" ಅಂದ್ರೆ ಸಿಗ್ನಲ್ ವೈರಿಗೆ 12 ವೋಲ್ಟ್ ಹೋಗುತ್ತೆ. ಕಪ್ಲರಿನ ಆಚೆ, ಕಾರಿನ ಕಡೆ, ಬಣ್ಣಗಳು ಮತ್ತೆ ಬೇರೆ.

ಎರಡು ಕಡೆ ತೊಂದರೆ ಸಿಕ್ತು. ಕಪ್ಲರಿನಿಂದ ಒಂದು ಗೇಣು ಆಚೆ, ಕಾರಿನ ಕಡೆ, ಹೀಟರಿಗೆ ಕರೆಂಟ್ ತರೋ ವೈರನ್ನ ಇಲಿ ಪೂರ್ತಿ ಕತ್ತರಿಸಿತ್ತು. ತಾಮ್ರ ಹಸಿರುಗಟ್ಟಿತ್ತು, ಅಂದ್ರೆ ಹಳೇ ಕಡಿತ. ಇನ್ನೊಂದು ಇಲಿಯದ್ದಲ್ಲ, ಮನುಷ್ಯರದ್ದು. ಸೆನ್ಸರ್ ಕಡೆಯ ಒಂದು ಹೀಟರ್ ವೈರನ್ನ ಯಾವ ಕಾಲದಲ್ಲೋ ಯಾರೋ ತಿರುಚಿ ಸೇರಿಸಿ, ಕಪ್ಪು ಟೇಪು ಸುತ್ತಿಟ್ಟಿದ್ರು. ಬಿಸಿಗೆ ಟೇಪಿನ ಗೋಂದು ಕರಗಿ ಹರಿದು, ಹಲ್ವಾ ಆಗಿತ್ತು.

ಆದ್ರೂ ಅಣ್ಣ ಕಣ್ಣಲ್ಲಿ ನೋಡಿದ್ದನ್ನ ನಂಬಿ ಕತ್ತರಿ ಹಾಕಲಿಲ್ಲ. ಮೊದಲು ಫ್ಯೂಸ್ ನೋಡಿದ್ರು, ಚೆನ್ನಾಗಿತ್ತು. ಕಪ್ಲರ್ ಬಿಚ್ಚಿ ಸೆನ್ಸರ್ ಕಡೆ ಎರಡು ಹೀಟರ್ ಪಿನ್‌ಗಳ ನಡುವೆ ಮೀಟರ್ ಇಟ್ಟು ಓಮ್ ನೋಡಿದ್ರು. ಕಾರಿನ ಮೇಲೆ ಹೋಗುತ್ತೆ, ತಣ್ಣಗಿದ್ದಾಗ ಸಾಮಾನ್ಯವಾಗಿ 3ರಿಂದ 15 ಓಮ್ ಒಳಗಿರಬೇಕು. ಏನೂ ತೋರಿಸದೇ ಇದ್ರೆ ಹೀಟರ್ ಸುಟ್ಟಿದೆ, ಆಗ ಸೆನ್ಸರ್ ಬದಲಿಸಲೇಬೇಕು. ಇಲ್ಲಿ 13 ಬಂತು, ವೈರ್ ಅಲ್ಲಾಡಿಸಿದ್ರೆ 40, 60, ಮತ್ತೆ 13. "ಹೀಟರ್ ಬದುಕಿದೆ, ಜಾಯಿಂಟ್ ಸತ್ತಿದೆ" ಅಂದ್ರು. ಆಮೇಲೆ ಕಾರಿನ ಕಡೆ ಕಪ್ಲರಲ್ಲಿ 12 ವೋಲ್ಟ್ ಬರುತ್ತಾ ಅಂತ ನೋಡಿದ್ರು. ಕೆಲವು ಕಾರಲ್ಲಿ ಇಂಜಿನ್ ಸ್ಟಾರ್ಟ್ ಆದ ಮೇಲೇ ಬರೋದು, ಹಂಗಾಗಿ ಸ್ಟಾರ್ಟ್ ಮಾಡಿಸಿಯೇ ನೋಡಿದ್ರು. ಬರಲಿಲ್ಲ. ಅಲ್ಲಿಗೆ ಎರಡೂ ಖಚಿತ ಆಯ್ತು.

ಮೀಟರ್ ವಿಷಯದಲ್ಲಿ ಒಂದು ಎಚ್ಚರಿಕೆ. ಓಮ್ ಅಳೆಯೋದು ಹೀಟರ್ ವೈರಲ್ಲಿ ಮಾತ್ರ. ಸಿಗ್ನಲ್ ವೈರಲ್ಲಿ ಓಮ್ ಅಳೆಯೋಕೆ ಹೋಗಬಾರದು, ಮೀಟರ್ ತನ್ನ ಕರೆಂಟನ್ನ ಒಳಗೆ ಕಳಿಸುತ್ತೆ, ಸೆನ್ಸರ್ ಹಾಳಾಗಬಹುದು. ಅಲ್ಲಿ ವೋಲ್ಟ್ ಮಾತ್ರ, ಅದೂ ಡಿಜಿಟಲ್ ಮೀಟರಲ್ಲಿ. ಬಲ್ಬ್ ಹಾಕಿ ಚೆಕ್ ಮಾಡೋ ಹಳೇ ಪದ್ಧತಿ ಇಲ್ಲಿ ಬೇಡವೇ ಬೇಡ. ವೈರಿನ ಪ್ಲಾಸ್ಟಿಕ್‌ಗೆ ಸೂಜಿ ಚುಚ್ಚೋದೂ ಬೇಡ, ಆ ತೂತಿಂದಲೇ ನೀರು ಹೋಗಿ ಮುಂದಿನ ಮಳೆಗಾಲಕ್ಕೆ ಹಸಿರುಗಟ್ಟುತ್ತೆ. ಕಪ್ಲರಿನ ಹಿಂಬದಿಯಿಂದ ಪಿನ್ ತೂರಿಸಿ ನೋಡಬೇಕು.

ಇನ್ನು ಜೋಡಿಸೋದು. ನನಗೆ ಅತ್ಯಂತ ಆಶ್ಚರ್ಯ ಆಗಿದ್ದು ಇಲ್ಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ರು. ಕಾರಿನ ಕಡೆಯ ವೈರನ್ನ ಹಸಿರು ಇಲ್ಲದ ಒಳ್ಳೇ ತಾಮ್ರ ಸಿಗೋವರೆಗೂ ಹಿಂದಕ್ಕೆ ಕತ್ತರಿಸಿ, ಅದೇ ದಪ್ಪದ ತುಂಡು ವೈರ್ ಸೇರಿಸಿ, ಸೋಲ್ಡರ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿದ್ರು. ಸೆನ್ಸರ್ ಕಡೆಗೆ ಬಂದಾಗ ಸೋಲ್ಡರಿಂಗ್ ಕಡ್ಡಿಯನ್ನ ಪಕ್ಕಕ್ಕಿಟ್ರು. ಯಾಕಣ್ಣಾ ಅಂತ ಕೇಳಿದೆ.

"ಇದು ಉಸಿರಾಡುತ್ತೆ" ಅಂದ್ರು.

ನಿಜ ಅದು. ಈ ಸೆನ್ಸರ್ ಹೊಗೆಯ ಆಮ್ಲಜನಕವನ್ನ ಹೊರಗಿನ ಗಾಳಿಯ ಆಮ್ಲಜನಕದ ಜೊತೆ ಹೋಲಿಸಿ ನೋಡುತ್ತೆ. ಹೋಲಿಸೋಕೆ ಹೊರಗಿನ ಗಾಳಿ ಒಳಗೆ ಹೋಗಬೇಕಲ್ಲ? ಬಹಳ ಸೆನ್ಸರುಗಳಲ್ಲಿ ಆ ಗಾಳಿ ಹೋಗೋದು ವೈರಿನ ಒಳಗಿನ ಎಳೆಗಳ ಸಂದಿಯಿಂದ. ಸೋಲ್ಡರ್ ಹಾಕಿದ್ರೆ ಕರಗಿದ ಸೀಸ ಎಳೆಗಳ ನಡುವೆ ಹರಿದು ಸಂದಿ ಮುಚ್ಚುತ್ತೆ. ಜಾಯಿಂಟ್ ಗಟ್ಟಿ, ಸೆನ್ಸರಿಗೆ ಉಸಿರು ಕಟ್ಟುತ್ತೆ. ಕಪ್ಲರಿಗೆ ಗ್ರೀಸ್ ತುಂಬೋದೂ ಅದಕ್ಕೇ ತಪ್ಪು. ಜೊತೆಗೆ ಸೆನ್ಸರ್ ಕಡೆಯ ವೈರ್ ಎಷ್ಟೋ ಸಲ ಬರೀ ತಾಮ್ರ ಆಗಿರಲ್ಲ, ಸೋಲ್ಡರ್ ಹಿಡಿಯೋದೂ ಇಲ್ಲ. ತಯಾರಿಸೋ ಕಂಪನಿಗಳೇ ಕ್ರಿಂಪ್ ಮಾಡಿ ಅಂತ ಹೇಳೋದು. ಅಣ್ಣ ಲೋಹದ ಕ್ರಿಂಪ್ ಸ್ಲೀವ್ ಒಳಗೆ ಎರಡು ತುದಿ ತೂರಿಸಿ, ಸರಿಯಾದ ಕ್ರಿಂಪಿಂಗ್ ಪ್ಲಯರಲ್ಲಿ ಒತ್ತಿದ್ರು. ಮಾಮೂಲಿ ಕಟಿಂಗ್ ಪ್ಲಯರಲ್ಲಿ ಚಪ್ಪಟೆ ಮಾಡಿದ್ರೆ ಆರು ತಿಂಗಳಿಗೆ ಸಡಿಲ ಆಗುತ್ತಂತೆ. ಒತ್ತಿದ ಮೇಲೆ ಜಗ್ಗಿ ನೋಡಿದ್ರು. ಮೇಲೊಂದು ಹೀಟ್ ಶ್ರಿಂಕ್, ಅದರ ಮೇಲೆ ಬಿಸಿ ತಡೆಯೋ ಫೈಬರ್ ಗ್ಲಾಸ್ ತೋಳು. ಒಂದಕ್ಕಿಂತ ಹೆಚ್ಚು ವೈರ್ ಸೇರಿಸಬೇಕಾದ್ರೆ ಜಾಯಿಂಟುಗಳು ಅಕ್ಕಪಕ್ಕ ಬರಬಾರದು, ಒಂದು ಮೇಲೆ ಒಂದು ಕೆಳಗೆ ಇರಬೇಕು ಅಂತಾನೂ ಹೇಳಿದ್ರು. ಕೊನೆಗೆ ವೈರ್ ಎಗ್ಸಾಸ್ಟ್ ಪೈಪಿಗೆ ತಾಗದ ಹಾಗೆ ಕ್ಲಿಪ್ ಹಾಕಿ, ಇಂಜಿನ್ ಅಲ್ಲಾಡೋದಕ್ಕೆ ಸ್ವಲ್ಪ ಸಡಿಲ ಬಿಟ್ರು.

ಹೀಟರ್ ಓಮ್ ಮತ್ತೆ ನೋಡಿದ್ರೆ 13, ಅಲ್ಲಾಡಿಸಿದ್ರೂ 13. ಸ್ಟಾರ್ಟ್ ಮಾಡಿ, ಬಿಸಿ ಆದ ಮೇಲೆ ಸಿಗ್ನಲ್ ವೈರಲ್ಲಿ ವೋಲ್ಟ್ ನೋಡಿದ್ವಿ. 0.1, 0.8, 0.2, 0.7 ಅಂತ ಮೇಲೆ ಕೆಳಗೆ ಕುಣೀತಿತ್ತು. ಹಂಗೆ ಕುಣಿಯೋದೇ ಆರೋಗ್ಯ. ಕಾಲು ಗಂಟೆ ಐಡಲ್‌ನಲ್ಲಿ ಬಿಟ್ವಿ, ಆಗಲೂ ನಿಲ್ಲಲಿಲ್ಲ. ಕೋಡ್ ಅಳಿಸಿ, ಎರಡು ದಿನ ಓಡಿಸಿ ಎಮಿಷನ್ ಟೆಸ್ಟ್‌ಗೆ ಹೋದ್ರು. ಪಾಸ್. ಅಂದ್ರೆ ಕನ್ವರ್ಟರ್ ಹೋಗಿರಲೇ ಇಲ್ಲ. ಮಜೂರಿ, ಸ್ಲೀವು, ವೈರು ಎಲ್ಲ ಸೇರಿ 700 ರೂಪಾಯಿ. ದೊಡ್ಡಪ್ಪ 1,000 ಕೊಟ್ಟು ಚಿಲ್ಲರೆ ಬೇಡ ಅಂದ್ರು, ಅವರ ಮಟ್ಟಿಗೆ ಇದು ಐತಿಹಾಸಿಕ ಘಟನೆ.

ಎಲ್ಲ ಸಲವೂ ಹೀಗೇ ಆಗುತ್ತೆ ಅಂತ ನಾನು ಹೇಳಲ್ಲ. ಹೀಟರ್ ಓಪನ್ ಆಗಿದ್ರೆ, ಸಿಗ್ನಲ್ ಕುಣೀದೇ ಒಂದೇ ಕಡೆ ನಿಂತಿದ್ರೆ, ವೈರ್ ಸೆನ್ಸರಿನ ಬುಡದಲ್ಲೇ ಕಿತ್ತು ಬಂದಿದ್ರೆ ಹೊಸದು ಹಾಕಿಸಿ. ಹಾಕಿಸೋದಾದ್ರೆ ಬಿಲ್ ಇರೋದನ್ನೇ ತಗೊಳ್ಳಿ. ಗ್ಯಾರೇಜಲ್ಲಿ ಕೇಳಬೇಕಾದ ಪ್ರಶ್ನೆ ಇಷ್ಟೇ: "ಹೀಟರ್ ಓಮ್ ಎಷ್ಟು ಬಂತು, ಕಪ್ಲರಿಗೆ 12 ವೋಲ್ಟ್ ಬರ್ತಿದೆಯಾ?" ಇದಕ್ಕೆ ಅಂಕಿ ಹೇಳಿದ್ರೆ ನಂಬಿ. "ಸ್ಕ್ಯಾನರ್ ಹೇಳಿದೆ" ಅಂದ್ರೆ ಇನ್ನೊಂದು ಕಡೆ ತೋರಿಸಿ.

ಆನ್‌ಲೈನಲ್ಲಿ ಅಗ್ಗದ ಸ್ಕ್ಯಾನರ್ ತರಿಸ್ತೀನಿ ಅನ್ನೋರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಒಬಿಡಿ-2 ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನಿಂದ. ಅದಕ್ಕಿಂತ ಹಳೇ ಕಾರಲ್ಲಿ ಸಾಕೆಟ್ ಇದ್ರೂ ಆ ಸ್ಕ್ಯಾನರ್ ಮಾತಾಡುತ್ತೆ ಅನ್ನೋ ಖಾತ್ರಿ ಇಲ್ಲ. ಅದೇ ದುಡ್ಡಿಗೆ ಒಂದು ಮಲ್ಟಿಮೀಟರ್ ಬರುತ್ತೆ.

ಇಲಿಗೆ ಏನು ಮಾಡೋದು ಅಂತ ಕೇಳ್ತೀರಿ, ಗೊತ್ತು. ಹೋಂಡಾ ಕಂಪನಿ ಖಾರದ ಅಂಶ ಬೆರೆಸಿದ ವೈರ್ ಟೇಪನ್ನೇ ಮಾರುತ್ತೆ, ಅಮೆರಿಕದಲ್ಲಿ ಸಿಗುತ್ತೆ. ದೊಡ್ಡಮ್ಮ ಅದನ್ನ ಕೇಳಿ, "ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿದ್ರೆ ಆಗಲ್ವೇನೋ?" ಅಂದ್ರು. ಬಿಸಿ ಇಂಜಿನ್ ಮೇಲೆ ಒಗ್ಗರಣೆ ಆಗುತ್ತೆ ದೊಡ್ಡಮ್ಮ, ಬೇಡ ಅಂದೆ. ಸದ್ಯಕ್ಕೆ ಬೂಸಾ ಮೂಟೆ ಬೇರೆ ಕಡೆ ಹೋಗಿದೆ, ಕಾರು ಬೀದಿ ದೀಪದ ಕೆಳಗೆ ಬಂದಿದೆ. ಸುಗ್ಗಿ ತಿಂಗಳಲ್ಲಿ ವಾರಕ್ಕೊಂದು ಸಲ ಬಾನೆಟ್ ಎತ್ತಿ ಹಿಕ್ಕೆ, ಹುಲ್ಲು ಇದೆಯಾ ಅಂತ ನೋಡ್ತಾರೆ. ನಾಲ್ಕು ವೈರಿನ ಬಣ್ಣ, ಯಾವುದು ಯಾವುದಕ್ಕೆ, 13 ಓಮ್ ಅಂತ ಒಂದು ಚೀಟಿಯಲ್ಲಿ ಬರೆದು ಆರ್‌ಸಿ ಜೊತೆ ಇಟ್ಟಿದ್ದೀವಿ.

ಮುಂದಿನ ವಾರ ಸ್ಟಾರ್ಟರ್ ಮೋಟರ್. ಪ್ರಶ್ನೆ ಇದ್ರೆ ಕಾರಿನ ವರ್ಷವನ್ನೂ ಸೇರಿಸಿ ಕಳಿಸಿ. ನಮಸ್ಕಾರ.